ಆದೇಶ ಕೈಗೆ ಬಂತು, ದುಡ್ಡು ಯಾವಾಗ ಬರುತ್ತೆ?

ನಮ್ಮ ಅಂಗಡಿ ಇರುವುದು ಹಾಸನದಲ್ಲಿ, ಕೋರ್ಟಿಗೆ ಹೋಗುವ ದಾರಿಯಲ್ಲಿ. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಮಷಿನ್, ಒಂದು ಸ್ಕ್ಯಾನರ್. ಬಾಡಿಗೆ ಕರಾರು, ಅಫಿಡವಿಟ್, ವಂಶವೃಕ್ಷದ ಅರ್ಜಿ, ಪಹಣಿ ತಿದ್ದುಪಡಿ ಅರ್ಜಿ, ಇದೆಲ್ಲ ಟೈಪ್ ಮಾಡಿ ಕೊಡುವುದು ನನ್ನ ಕೆಲಸ. ಇವುಗಳ ನಡುವೆ ಗ್ರಾಹಕರ ಆಯೋಗಕ್ಕೆ ಕೊಡುವ ದೂರುಗಳೂ ಬರುತ್ತವೆ. ಕೆಟ್ಟ ಫ್ರಿಜ್, ಕೊಡದ ಇನ್ಶೂರೆನ್ಸ್ ಹಣ, ಬಾರದ ಸೈಟು. ನಾನು ವಕೀಲೆ ಅಲ್ಲ. ಆದರೆ ಟೈಪ್ ಮಾಡುತ್ತಾ ಮಾಡುತ್ತಾ ಕಾನೂನು ಬೆರಳಿಗೆ ಅಂಟಿಕೊಂಡುಬಿಡುತ್ತದೆ. ಯಾವ ಕಲಂ ಎಲ್ಲಿ ಬರುತ್ತದೆ, ಕಂಪನಿಯವರು ತಕರಾರಿನಲ್ಲಿ ಏನು ಬರೆಯುತ್ತಾರೆ ಅನ್ನುವುದು ಈಗ ಬಾಯಿಪಾಠ.

ಗ್ರಾಹಕರ ಕಾನೂನಿಗೆ ಸುಧಾರಣೆ ಬೇಕು ಅಂತ ಪೇಪರಿನಲ್ಲಿ ಬಂದಾಗಲೆಲ್ಲ ನಾನು ಕುತೂಹಲದಿಂದ ಓದುತ್ತೇನೆ. ಸಾಮಾನ್ಯವಾಗಿ ಅದರಲ್ಲಿ ಇರುವುದು ಇನ್ನೊಂದು ಹೊಸ ಹಕ್ಕು, ಇನ್ನೊಂದು ಹೊಸ ಮಾರ್ಗಸೂಚಿ, ಇನ್ನೊಂದು ಹೊಸ ಪೋರ್ಟಲ್. ನನಗನ್ನಿಸುವುದು ಬೇರೆ. ಹಕ್ಕುಗಳು ಈಗಾಗಲೇ ಬೇಕಾದಷ್ಟಿವೆ. ಇಲ್ಲದಿರುವುದು ವಸೂಲಿ.

ಇರುವುದು ಏನು ಅಂತ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಅದನ್ನು ಕಡೆಗಣಿಸಿದರೆ ಅನ್ಯಾಯ. 1986ರ ಡಿಸೆಂಬರ್ 24ಕ್ಕೆ ಮೊದಲ ಗ್ರಾಹಕ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಅದಕ್ಕೇ ಆ ದಿನ ರಾಷ್ಟ್ರೀಯ ಗ್ರಾಹಕರ ದಿನ. ಆ ಕಾಯ್ದೆಯನ್ನು ತೆಗೆದು 2019ರಲ್ಲಿ ಹೊಸದು ತಂದರು. ಜಾರಿಗೆ ಬಂದಿದ್ದು 2020ರ ಜುಲೈನಲ್ಲಿ, ಕೊರೊನಾ ಗಲಾಟೆಯ ಮಧ್ಯೆ. ವೇದಿಕೆ ಅಂತ ಇದ್ದದ್ದು ಆಯೋಗ ಆಯಿತು. ಬೋರ್ಡು ಬದಲಾಯಿತು, ಕುರ್ಚಿಗಳು ಅವೇ ಇದ್ದವು.

ಆದರೂ ಹೊಸ ಕಾಯ್ದೆಯಲ್ಲಿ ನಿಜಕ್ಕೂ ಒಳ್ಳೆಯ ಅಂಶಗಳಿವೆ. ಮೊದಲು ಎದುರುದಾರರು ಇರುವ ಊರಿನಲ್ಲೋ ವ್ಯವಹಾರ ನಡೆದ ಊರಿನಲ್ಲೋ ದೂರು ಹಾಕಬೇಕಿತ್ತು. ಈಗ ನಾವು ವಾಸ ಮಾಡುವ ಅಥವಾ ಕೆಲಸ ಮಾಡುವ ಊರಿನಲ್ಲೇ ಹಾಕಬಹುದು. ಮುಂಬೈ ಕಂಪನಿಯ ಮೇಲೆ ಹಾಸನದಲ್ಲೇ ಕೇಸು. ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ವಕೀಲರು ಬೇಕೇ ಬೇಕು ಅಂತ ಇಲ್ಲ. 50 ಲಕ್ಷದವರೆಗೆ ಜಿಲ್ಲಾ ಆಯೋಗ, 2 ಕೋಟಿಯವರೆಗೆ ರಾಜ್ಯ ಆಯೋಗ, ಅದರ ಮೇಲೆ ರಾಷ್ಟ್ರೀಯ ಆಯೋಗ. ಬಿಲ್ ಕೊಡದಿದ್ದರೆ ಅದೇ ಒಂದು ಅನುಚಿತ ವ್ಯಾಪಾರ ಪದ್ಧತಿ. ‘ಒಮ್ಮೆ ಮಾರಿದ ವಸ್ತು ವಾಪಸ್ ಇಲ್ಲ’ ಅಂತ ಬೋರ್ಡ್ ಹಾಕಿ ದೋಷವಿರುವ ಮಾಲನ್ನು ವಾಪಸ್ ತಗೊಳ್ಳದಿದ್ದರೂ ಅಷ್ಟೇ. ಬಿಲ್ಲಿನಲ್ಲಿ ಅವಧಿ ಬರೆದಿಲ್ಲದಿದ್ದರೆ 30 ದಿನ ಅಂತ ಕಾಯ್ದೆಯೇ ಹೇಳುತ್ತದೆ. ಇದನ್ನು ಹೇಳಿದಾಗ ಅಂಗಡಿಗೆ ಬಂದವರಲ್ಲಿ ಅರ್ಧ ಜನ ನಂಬುವುದಿಲ್ಲ.

ಇಷ್ಟೆಲ್ಲ ಇದ್ದೂ ಏನಾಗುತ್ತದೆ ಅನ್ನುವುದಕ್ಕೆ ಒಂದು ಕೇಸು ಹೇಳುತ್ತೇನೆ. ಹೆಸರು, ಊರು ಬೇಡ. ಅವರು ಹೊಲಿಗೆ ಕೆಲಸ ಮಾಡುವವರು, ನಾನು ‘ಅಕ್ಕ’ ಅಂತ ಕರೆಯುತ್ತೇನೆ, ನಾನು ಹಾಕಿಕೊಳ್ಳುವ ಬ್ಲೌಸುಗಳನ್ನು ಹೊಲಿಯುವವರೂ ಅವರೇ. ಕಾಲಿನಲ್ಲಿ ತುಳಿಯುವ ಮಷಿನ್ ಬಿಟ್ಟು ಪವರ್ ಮಷಿನ್ ತಗೊಂಡರು. 32,000 ರೂಪಾಯಿ. ಸಂಘದಲ್ಲಿ ಸಾಲ ಎತ್ತಿ ಕೊಟ್ಟಿದ್ದು. ಮೂರೇ ತಿಂಗಳಿಗೆ ಮೋಟರ್ ಸುಟ್ಟಿತು. ಸರ್ವಿಸ್ ಹುಡುಗ ಬಂದ, ಮುಚ್ಚಳ ಬಿಚ್ಚಿದ, ಬೋರ್ಡ್ ಮೂಸಿ ನೋಡಿದ, ‘ವೋಲ್ಟೇಜ್ ಪ್ರಾಬ್ಲಮ್ಮು, ಸ್ಟೆಬಿಲೈಸರ್ ಹಾಕಿಲ್ಲ ನೀವು, ವಾರಂಟಿ ಬರಲ್ಲ’ ಅಂದ. ಹೊಸ ಬೋರ್ಡಿಗೆ 7,500 ಕೇಳಿದ.

ಅಕ್ಕ ವಾರಂಟಿ ಕಾರ್ಡ್ ತಂದು ನನ್ನ ಮುಂದೆ ಇಟ್ಟರು. ‘ಇದರಲ್ಲಿ ಸ್ಟೆಬಿಲೈಸರ್ ಅಂತ ಎಲ್ಲಾದ್ರೂ ಇದೆಯಾ ನೋಡಮ್ಮ’ ಅಂದರು. ಇತ್ತು. ಕಾರ್ಡಿನ ಹಿಂದೆ, ಇಂಗ್ಲಿಷಿನಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ, ಹದಿನಾಲ್ಕನೇ ಸಾಲಿನಲ್ಲಿ. ಅವರಿಗೆ ಓದಲು ಬರುವುದು ಕನ್ನಡ ಮಾತ್ರ. ಮಾರಿದ ಅಂಗಡಿಯವನು ಬಾಯಲ್ಲೂ ಹೇಳಿರಲಿಲ್ಲ.

ಇಲ್ಲಿ ಒಂದು ಮಾತು. ಬ್ಯಾಂಕ್ ಸಾಲಕ್ಕೆ ಈಗ ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’ ಕೊಡಬೇಕು. ರಿಸರ್ವ್ ಬ್ಯಾಂಕ್ 2024ರಲ್ಲಿ ಮಾಡಿದ ನಿಯಮ. ಬಡ್ಡಿ ಎಷ್ಟು, ಚಾರ್ಜು ಎಷ್ಟು, ಒಟ್ಟು ಎಷ್ಟು ಕಟ್ಟಬೇಕು ಅನ್ನುವುದು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಸಾಲಕ್ಕೆ ಆಗುವುದು ವಾರಂಟಿಗೆ ಯಾಕಾಗಬಾರದು? ಒಂದೇ ಹಾಳೆ ಸಾಕು. ಎಷ್ಟು ವರ್ಷ, ಯಾವ ಭಾಗಕ್ಕೆ, ಏನು ಮಾಡಿದರೆ ವಾರಂಟಿ ಹೋಗುತ್ತದೆ, ಯಾರಿಗೆ ಫೋನ್ ಮಾಡಬೇಕು. ಕನ್ನಡದಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ. ಕಂಪನಿಗೆ ಇದರಿಂದ ಆಗುವ ಖರ್ಚು ಡಬ್ಬದ ಮೇಲಿನ ಬಣ್ಣದ ಖರ್ಚಿಗಿಂತ ಕಡಿಮೆ.

ದೂರು ಹಾಕಿದೆವು. ಎದುರುದಾರರು ಇಬ್ಬರು: ಒಂದನೆಯವರು ಕಂಪನಿ, ಎರಡನೆಯವರು ಇಲ್ಲಿನ ಡೀಲರ್. ನೋಟಿಸ್ ಹೋಯಿತು. ಉತ್ತರ ಕೊಡಲು 30 ದಿನ, ಹೆಚ್ಚೆಂದರೆ ಇನ್ನು 15. ಅದಕ್ಕಿಂತ ಒಂದು ದಿನವೂ ಜಾಸ್ತಿ ಕೊಡುವಂತಿಲ್ಲ ಅಂತ 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ ಹೇಳಿದೆ. ಕಂಪನಿಯ ವಕೀಲರಿಗೆ ಅದು ಗೊತ್ತು. ಕೊನೆಯ ದಿನ ತಕರಾರು ಸಲ್ಲಿಸಿದರು.

ಅದರ ಮೊದಲ ಪ್ಯಾರಾ ಏನು ಗೊತ್ತಾ? ಫಿರ್ಯಾದುದಾರರು ಗ್ರಾಹಕರೇ ಅಲ್ಲ ಅಂತ. ಮಷಿನ್ ತಗೊಂಡಿದ್ದು ವಾಣಿಜ್ಯ ಉದ್ದೇಶಕ್ಕೆ, ಕೆಲಸಕ್ಕೆ ಒಬ್ಬಳು ಹುಡುಗಿಯನ್ನೂ ಇಟ್ಟುಕೊಂಡಿದ್ದಾರೆ, ಆದ್ದರಿಂದ ದೂರು ವಜಾ ಮಾಡಿ. ಗುಂಡಿ ಹಚ್ಚುವ, ಹೆಮ್ಮಿಂಗ್ ಮಾಡುವ ಹುಡುಗಿ ಅವಳು. ಅವಳಿಂದಾಗಿ ಅಕ್ಕ ಉದ್ಯಮಿ ಆಗಿಬಿಟ್ಟರು.

ಈ ತಕರಾರು ಹೊಸದಲ್ಲ, ಬಂಡಿಗಟ್ಟಲೆ ನೋಡಿದ್ದೇನೆ. ಇದಕ್ಕೆ ಉತ್ತರ ಸುಪ್ರೀಂ ಕೋರ್ಟ್ 1995ರಲ್ಲೇ ಕೊಟ್ಟಿದೆ, ಲಕ್ಷ್ಮಿ ಇಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ. ಅದರಲ್ಲಿ ಕೊಟ್ಟಿರುವ ಉದಾಹರಣೆ ಟೈಪ್‌ರೈಟರಿನದು! ಟೈಪ್‌ರೈಟರ್ ಕೊಂಡು ತಾನೇ ಕೂತು ಬೇರೆಯವರಿಗೆ ಟೈಪ್ ಮಾಡಿಕೊಟ್ಟು ಹೊಟ್ಟೆ ಹೊರೆಯುವವನು ಗ್ರಾಹಕನೇ. ತಾನೇ ಓಡಿಸುವ ಟ್ಯಾಕ್ಸಿ, ತಾನೇ ನಡೆಸುವ ಲೇತು, ಎಲ್ಲಕ್ಕೂ ಅಷ್ಟೇ. ಸಹಾಯಕ್ಕೆ ಒಬ್ಬಿಬ್ಬರು ಇದ್ದರೂ ಗ್ರಾಹಕ ಅನ್ನುವ ಸ್ಥಾನ ಹೋಗುವುದಿಲ್ಲ. ಆ ತೀರ್ಪಿನ ಸಾಲುಗಳನ್ನು ಟೈಪ್ ಮಾಡುವಾಗೆಲ್ಲ ನನಗೆ ಒಳಗೊಳಗೇ ಖುಷಿ. ನಮ್ಮ ಕಸುಬನ್ನೇ ಹೇಳಿದ್ದಾರಲ್ಲ.

ಮೂವತ್ತು ವರ್ಷದ ಹಿಂದೆ ತೀರ್ಮಾನವಾದ ಪ್ರಶ್ನೆಯನ್ನು ಮತ್ತೆ ಎತ್ತಲು ಕಂಪನಿಗೆ ಯಾಕೆ ಧೈರ್ಯ? ಎತ್ತಿದರೆ ನಷ್ಟವಿಲ್ಲ, ಅದಕ್ಕೆ. ಒಂದು ವಾಯಿದೆ ಅದರ ವಾದಕ್ಕೆ ಹೋಗುತ್ತದೆ. ಇನ್ನೊಂದು ವಾಯಿದೆ ಹೊಸ ವಕೀಲರು ವಕಾಲತ್ತು ಹಾಕುವುದಕ್ಕೆ. ಮತ್ತೊಂದು ದಿನ ಕೋರಂ ಇಲ್ಲ, ಅಂದರೆ ವಿಚಾರಣೆಗೆ ಬೇಕಾದಷ್ಟು ಸದಸ್ಯರು ಇಲ್ಲ. ಅಕ್ಕನಿಗೆ ಒಂದೊಂದು ವಾಯಿದೆ ಅಂದರೂ ಅರ್ಧ ದಿನದ ಹೊಲಿಗೆ ನಿಂತಂತೆ. ದೂರನ್ನು 3 ತಿಂಗಳಲ್ಲಿ, ಲ್ಯಾಬ್ ಪರೀಕ್ಷೆ ಬೇಕಾದರೆ 5 ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಲಂ 38ರಲ್ಲಿ ಇದೆ. ವಾಯಿದೆ ಕೊಟ್ಟರೆ ಕಾರಣ ಬರೆದಿಡಬೇಕು ಅಂತಲೂ ಇದೆ. ಮುಗಿಸದಿದ್ದರೆ ಏನು ಅನ್ನುವುದು ಇಲ್ಲ. ಈ ಕೇಸು ಮುಗಿಯಲು ಎರಡು ವರ್ಷದ ಮೇಲಾಯಿತು. ಅಷ್ಟರಲ್ಲಿ ಅಕ್ಕ ಬೇರೆ ಕಡೆ ಹಳೇ ಮೋಟರ್ ಹಾಕಿಸಿ ಮಷಿನ್ ನಡೆಸುತ್ತಿದ್ದರು.

ತಪ್ಪೆಲ್ಲ ಆಯೋಗದ ಮೇಲೆ ಹಾಕಲು ನನಗೆ ಮನಸ್ಸಿಲ್ಲ. ಅಧ್ಯಕ್ಷರ ಜೊತೆ ಕನಿಷ್ಠ ಇಬ್ಬರು ಸದಸ್ಯರು ಇರಬೇಕಾದ ಕಡೆ ಕುರ್ಚಿ ಖಾಲಿ ಬಿದ್ದರೆ ಅವರಾದರೂ ಏನು ಮಾಡಿಯಾರು? ಅವಧಿ ಮುಗಿಯುವ ತಾರೀಕು ಮೊದಲೇ ಗೊತ್ತಿದ್ದೂ ಹೊಸಬರನ್ನು ನೇಮಿಸುವುದಿಲ್ಲ. 2021ರಲ್ಲಿ ಸುಪ್ರೀಂ ಕೋರ್ಟ್ ತಾನಾಗಿ ಈ ವಿಷಯ ಕೈಗೆತ್ತಿಕೊಂಡು, ಸರ್ಕಾರಕ್ಕೆ ಈ ಆಯೋಗಗಳು ಬೇಡವಾದರೆ ಕಾಯ್ದೆಯನ್ನೇ ರದ್ದು ಮಾಡಲಿ ಅನ್ನುವಷ್ಟು ಗರಂ ಆಗಿತ್ತು. 2025ರ ಮೇ ತಿಂಗಳಲ್ಲಿ ಮತ್ತೆ, ಇಂಥ ವ್ಯಾಜ್ಯಗಳಿಗೆ ಕಾಯಂ ನ್ಯಾಯಾಂಗ ವ್ಯವಸ್ಥೆ ಮಾಡಲು ಆಗುತ್ತದಾ ನೋಡಿ ಅಂತ ಕೇಂದ್ರಕ್ಕೆ ಹೇಳಿತು. ನನ್ನನ್ನು ಕೇಳಿದರೆ ಇದು ಆಗಲೇಬೇಕಾದ ಕೆಲಸ. ಅವಧಿ ಮುಗಿದಾಗಲೆಲ್ಲ ಖಾಲಿಯಾಗಿ, ಪರೀಕ್ಷೆ, ಸಂದರ್ಶನ, ತಡೆಯಾಜ್ಞೆ ಅಂತ ಮತ್ತೆ ತುಂಬುವ ಕಚೇರಿಯಿಂದ 3 ತಿಂಗಳಲ್ಲಿ ತೀರ್ಪು ಕೇಳುವುದು ಅತಿಯಾಸೆ.

ಅಂತೂ ಆದೇಶ ಬಂತು. ಮಷಿನ್ ಹಣ ಬಡ್ಡಿ ಸಮೇತ ವಾಪಸ್, ಮಾನಸಿಕ ಯಾತನೆಗೆ 5,000, ಖರ್ಚಿಗೆ 3,000. ಎದುರುದಾರರು ಇಬ್ಬರೂ ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ 45 ದಿನದೊಳಗೆ ಕೊಡತಕ್ಕದ್ದು. ಅಕ್ಕ ಮೈಸೂರ್ ಪಾಕ್ ತಂದುಕೊಟ್ಟರು. ನಾನು ತಿಂದೆ, ಆದರೆ ಮುಂದಿನದು ಗೊತ್ತಿದ್ದರಿಂದ ‘ಡಬ್ಬಿ ಪೂರ್ತಿ ಕೊಡಬೇಡಿ ಅಕ್ಕ, ಇನ್ನೂ ಕೆಲಸ ಇದೆ’ ಅಂದೆ.

ಮುಂದಿನದು ಅಮಲ್ಜಾರಿ. ಆದೇಶ ಪಾಲಿಸದವರ ಮೇಲೆ ಮತ್ತೆ ಒಂದು ಅರ್ಜಿ. ಅಂದರೆ ಗೆದ್ದವರು ಮತ್ತೆ ಮೊದಲಿಂದ ಶುರು ಮಾಡಬೇಕು. ಕಲಂ 71ರ ಪ್ರಕಾರ ಸಿವಿಲ್ ಕೋರ್ಟಿನ ಡಿಕ್ರಿ ಥರ ಜಾರಿ ಮಾಡಿಸಬಹುದು. ಅದರಲ್ಲಿ ಕಂಪನಿಯ ಆಸ್ತಿ ಎಲ್ಲಿದೆ, ಬ್ಯಾಂಕ್ ಖಾತೆ ಎಲ್ಲಿದೆ ಅಂತ ನಾವೇ ಹುಡುಕಿ ಕೊಡಬೇಕು. ಬ್ಲೌಸ್ ಹೊಲಿಯುವವರು ಹರಿಯಾಣದ ಕಂಪನಿಯ ಖಾತೆ ನಂಬರ್ ಎಲ್ಲಿಂದ ತರುತ್ತಾರೆ? ಕಲಂ 72 ಸ್ವಲ್ಪ ಖಾರ: ಪಾಲಿಸದಿದ್ದರೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಅಥವಾ 25,000ದಿಂದ 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಆದರೆ ವಾರಂಟ್ ಹೊರಡಬೇಕು, ಬೇರೆ ರಾಜ್ಯದ ಪೊಲೀಸ್ ಠಾಣೆ ತಲುಪಬೇಕು, ಅಲ್ಲಿನವರಿಗೆ ಪುರುಸೊತ್ತಾಗಬೇಕು. ‘ಸದರಿ ವಿಳಾಸದಲ್ಲಿ ಇರುವುದಿಲ್ಲ’ ಅಂತ ಷರಾ ಬರೆದು ವಾಪಸ್ ಬಂದ ವಾರಂಟಿನ ಜೆರಾಕ್ಸ್ ನಾನೇ ತೆಗೆದಿದ್ದೇನೆ.

ಇಲ್ಲಿ ಹಳೇ ಕಾಯ್ದೆಯೇ ವಾಸಿ ಇತ್ತು ಅಂದರೆ ಆಶ್ಚರ್ಯವಾಗಬಹುದು. 1986ರ ಕಾಯ್ದೆಯ ಕಲಂ 25ರಲ್ಲಿ, ಬಾಕಿ ಹಣಕ್ಕೆ ಜಿಲ್ಲಾಧಿಕಾರಿಗೆ ವಸೂಲಿ ಪ್ರಮಾಣಪತ್ರ ಕಳಿಸಿ, ಭೂಕಂದಾಯದ ಬಾಕಿಯಂತೆ ವಸೂಲು ಮಾಡಿಸುವ ದಾರಿ ಇತ್ತು. 2019ರಲ್ಲಿ ಅದನ್ನು ಬಿಟ್ಟುಬಿಟ್ಟರು. ಮನೆ ಖರೀದಿಯ ರೇರಾ ಕಾಯ್ದೆಯಲ್ಲಿ ಆ ದಾರಿ ಈಗಲೂ ಇದೆ. ಹಾಗಂತ ಅದೂ ರಾಮಬಾಣ ಏನಲ್ಲ. ರೇರಾದ ವಸೂಲಿ ಪ್ರಮಾಣಪತ್ರಗಳು ಕಂದಾಯ ಕಚೇರಿಗಳಲ್ಲಿ ಧೂಳು ತಿನ್ನುತ್ತಿರುವ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಆದರೂ ಒಂದು ವ್ಯತ್ಯಾಸ ಇದೆ. ವಸೂಲಿ ಮಾಡಬೇಕಾದ ಜವಾಬ್ದಾರಿ ಆಗ ಸರ್ಕಾರದ್ದಾಗುತ್ತದೆ. ಬಾಕಿ ಎಷ್ಟಿದೆ ಅಂತ ಆರ್‌ಟಿಐ ಹಾಕಿ ಕೇಳಬಹುದು, ಜನಸ್ಪಂದನದಲ್ಲಿ ಡಿಸಿ ಮುಂದೆ ನಿಂತು ಕೇಳಬಹುದು. ಈಗ ಯಾರನ್ನು ಕೇಳುವುದು?

ಇನ್ನೂ ಸುಲಭದ ದಾರಿಯೂ ಇದೆ ಅನಿಸುತ್ತದೆ. ಕಂಪನಿಗೆ ಜಿಎಸ್‌ಟಿ ನಂಬರ್ ಇರುತ್ತದೆ, ಆ ನಂಬರಿಗೆ ಬ್ಯಾಂಕ್ ಖಾತೆ ಜೋಡಿಸಿರುತ್ತಾರೆ. ಆಯೋಗದ ಆದೇಶಕ್ಕೆ ಅವಧಿ ಮುಗಿದು, ಮೇಲ್ಮನವಿಯೂ ಇಲ್ಲ, ತಡೆಯಾಜ್ಞೆಯೂ ಇಲ್ಲ ಅಂದರೆ ಆ ಖಾತೆಗೆ ನೇರ ಸೂಚನೆ ಹೋಗಲಿ. ತೆರಿಗೆ ಬಾಕಿಗೆ ಸರ್ಕಾರ ಖಾತೆ ಹಿಡಿಯುವುದಿಲ್ಲವೇ? ಅದೇ ಚುರುಕು 40,000 ರೂಪಾಯಿಯ ಆದೇಶಕ್ಕೂ ಇರಲಿ.

ಅಕ್ಕನಿಗೆ ಏನಾಯಿತು ಅಂತ ಕೇಳಬಹುದು. ಕೊನೆಗೆ ಡೀಲರ್ ಕೊಟ್ಟರು, ಕಂತಿನಲ್ಲಿ. ಜಂಟಿಯಾಗಿ ಅಂದಮೇಲೆ ಕೈಗೆ ಸಿಗುವವರನ್ನೇ ಹಿಡಿಯುತ್ತಾರೆ. ಇಲ್ಲೇ ಅಂಗಡಿ, ಇಲ್ಲೇ ಮನೆ, ಪೊಲೀಸರು ಬಂದರೆ ಮರ್ಯಾದೆ ಹೋಗುವುದು ಅವರದು. ಮೋಟರ್ ಮಾಡಿದ್ದು ಅವರಲ್ಲ, ವಾರಂಟಿ ನಿರಾಕರಿಸಿದ್ದೂ ಅವರಲ್ಲ. ಗ್ರಾಹಕರ ಕಾನೂನು ಬಿಗಿಯಾದರೆ ಸಣ್ಣ ವ್ಯಾಪಾರಿ ಸಾಯುತ್ತಾನೆ ಅಂತ ನಮ್ಮ ಬೀದಿಯ ಅಂಗಡಿಯವರು ವಾದ ಮಾಡುತ್ತಾರೆ. ಅದರಲ್ಲಿ ಇಷ್ಟು ಸತ್ಯ ಇದೆ. ದೊಡ್ಡವರು ತಪ್ಪಿಸಿಕೊಂಡಾಗ ಆ ಹೊರೆ ಬೀಳುವುದು ಬೀದಿಯ ಅಂಗಡಿಯ ಮೇಲೆ. ಡೀಲರ್ ಕೊಟ್ಟ ಹಣವನ್ನು ಕಂಪನಿಯಿಂದ ಅದೇ ಆದೇಶದಲ್ಲೇ ವಾಪಸ್ ಪಡೆಯುವ ವ್ಯವಸ್ಥೆ ಇರಬೇಕು. ಈಗ ಅವರು ಬೇರೆ ದಾವಾ ಹೂಡಬೇಕು, ಹೂಡಿದರೆ ಏಜೆನ್ಸಿ ಹೋಗುತ್ತದೆ ಅನ್ನುವ ಭಯ.

ಇದು 32,000ದ ಕಥೆ. ಕೇಸು ಹಾಕಲು ಯೋಗ್ಯವಾದ ಮೊತ್ತ. ಅದಕ್ಕಿಂತ ಚಿಕ್ಕದಾದರೆ?

ನಿವೃತ್ತ ಮೇಷ್ಟ್ರೊಬ್ಬರು ಮೊಬೈಲ್ ಹಿಡಿದುಕೊಂಡು ಬಂದರು. ಪಿಂಚಣಿ ಖಾತೆಯಿಂದ ಪ್ರತಿ ತಿಂಗಳು 149 ರೂಪಾಯಿ ಹೋಗುತ್ತಿದೆ. ಯಾವುದೋ ಜಾತಕದ ಆ್ಯಪ್. ‘ಮೊದಲ ವಾರ 1 ರೂಪಾಯಿ’ ಅಂತ ಇತ್ತಂತೆ, ಒತ್ತಿದ್ದಾರೆ, ಆಟೋಪೇ ಆಗಿಬಿಟ್ಟಿದೆ. ಹಣ ಕಡಿಯುವ ಮೊದಲು ಮೆಸೇಜ್ ಬರುತ್ತಿತ್ತು, ಇಂಗ್ಲಿಷಿನಲ್ಲಿ. ನೂರೆಂಟು ಮೆಸೇಜಿನ ಮಧ್ಯೆ ಅದನ್ನು ಯಾರು ಓದುತ್ತಾರೆ? ನಾನು ರದ್ದು ಮಾಡಲು ಕೂತೆ. ಸೆಟ್ಟಿಂಗ್ಸ್ ಒಳಗೆ ಪ್ರೊಫೈಲ್, ಅದರೊಳಗೆ ಪ್ಲಾನ್, ಅದರ ಕೆಳಗೆ ‘ಸಹಾಯ’. ಅಲ್ಲಿ ಹೋದರೆ ‘ನಿಮ್ಮ ಅದೃಷ್ಟವನ್ನು ಕೈಬಿಡುತ್ತೀರಾ?’ ಅಂತ ಒಂದು ಪರದೆ. ‘ಇಲ್ಲ, ಮುಂದುವರಿಸಿ’ ಅನ್ನುವುದು ದೊಡ್ಡ ಹಸಿರು ಬಟನ್. ‘ಹೌದು’ ಅನ್ನುವುದು ಬೂದು ಬಣ್ಣದಲ್ಲಿ, ಬಟನ್ನೋ ಅಕ್ಷರವೋ ಗೊತ್ತಾಗದಂತೆ. ಅದನ್ನು ಒತ್ತಿದರೆ ಕಾರಣ ಕೇಳುತ್ತದೆ. ಕಾರಣ ಕೊಟ್ಟರೆ ಅರ್ಧ ಬೆಲೆಗೆ ಇನ್ನೊಂದು ಪ್ಲಾನ್. ಕೊನೆಗೆ ಆ ಆ್ಯಪನ್ನು ಬಿಟ್ಟು ಯುಪಿಐ ಆ್ಯಪಿನಲ್ಲೇ ಆಟೋಪೇ ತೆಗೆದೆ. ಎಲ್ಲರೂ ಹೀಗೇ ಮಾಡಬಹುದು, ಸುಮ್ನೆ ಒದ್ದಾಡಬೇಡಿ.

ಇದಕ್ಕೂ ನಿಯಮ ಇದೆ. 2023ರ ನವೆಂಬರ್ 30ಕ್ಕೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ‘ಡಾರ್ಕ್ ಪ್ಯಾಟರ್ನ್’ ಮಾರ್ಗಸೂಚಿ ಹೊರಡಿಸಿತು. 13 ಬಗೆಯ ಮೋಸಗಳನ್ನು ಹೆಸರಿಟ್ಟು ಪಟ್ಟಿ ಮಾಡಿದೆ. ಚಂದಾ ರದ್ದು ಮಾಡಲು ಆಗದಂತೆ ಸಿಕ್ಕಿಸುವುದು, ಬೇಡ ಅಂದವರಿಗೆ ನಾಚಿಕೆ ಆಗುವಂತೆ ಮಾತಾಡುವುದು, ಕೇಳದೆ ಬುಟ್ಟಿಗೆ ವಸ್ತು ಸೇರಿಸುವುದು, ಕೊನೆ ಹಂತದಲ್ಲಿ ಬೆಲೆ ಏರಿಸುವುದು, ‘ಎರಡೇ ಉಳಿದಿವೆ’ ಅಂತ ಸುಳ್ಳು ಅವಸರ ಹುಟ್ಟಿಸುವುದು. ಮೇಷ್ಟ್ರ ಆ್ಯಪಿನಲ್ಲಿ ಮೊದಲೆರಡೂ ಇದ್ದವು. 2025ರ ಜೂನ್‌ನಲ್ಲಿ ಪ್ರಾಧಿಕಾರ ಇ-ಕಾಮರ್ಸ್ ಕಂಪನಿಗಳಿಗೆ 3 ತಿಂಗಳಲ್ಲಿ ನೀವೇ ಪರಿಶೀಲನೆ ಮಾಡಿಕೊಳ್ಳಿ ಅಂತ ಸಲಹೆ ಕೊಟ್ಟಿತು. ನೀವೇ! ಉತ್ತರಪತ್ರಿಕೆಯನ್ನು ಹುಡುಗನ ಕೈಗೇ ಕೊಟ್ಟು ತಿದ್ದು ಅಂದ ಹಾಗೆ ಅಂತ ಮೇಷ್ಟ್ರು ನಕ್ಕರು.

‘ಕೇಸ್ ಹಾಕಬಹುದಾ ಮೇಡಂ?’ ಅಂತ ಕೇಳಿದರು. ಹಾಕಬಹುದು ಸಾರ್, ಜೆರಾಕ್ಸಿಗೇ ಅದಕ್ಕಿಂತ ಜಾಸ್ತಿ ಆಗುತ್ತೆ ಅಂದೆ. 1915ಕ್ಕೆ ಫೋನ್ ಮಾಡಿಸಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೂ ಮಾತಾಡಬಹುದು, ಮಾತಾಡಿದವರು ಸಹನೆಯಿಂದಲೇ ಮಾತಾಡಿದರು. ಡಾಕೆಟ್ ನಂಬರ್, ಅಂದರೆ ದೂರಿನ ನಂಬರ್ ಸಿಕ್ಕಿತು. ಕೊನೆಯ ಎರಡು ತಿಂಗಳ ಹಣ ವಾಪಸ್ ಬಂತು. ಅಲ್ಲಿಗೆ ದೂರು ಮುಕ್ತಾಯ.

ನನಗೆ ತಲೆ ಕೆಡುವುದು ಇಲ್ಲೇ. ಮೇಷ್ಟ್ರ ದೂರು ಮುಗಿಯಿತು, ಆ್ಯಪು ಹಾಗೇ ಇದೆ. ಆ ಬೂದು ಬಟನ್ನು ಇವತ್ತೂ ಯಾರದೋ ಪಿಂಚಣಿ ತಿನ್ನುತ್ತಿದೆ. ಕೇಳಿದವರಿಗೆ 298 ರೂಪಾಯಿ ಕೊಟ್ಟು, ಕೇಳದವರಿಂದ ತಿಂಗಳಿಗೆ 149 ಕೀಳುವುದು ಕಂಪನಿಗೆ ಲಾಭದ ಲೆಕ್ಕವೇ. ಒಂದೊಂದು ದೂರನ್ನೂ ಒಬ್ಬೊಬ್ಬರ ಖಾಸಗಿ ಜಗಳ ಅಂತ ನೋಡುವವರೆಗೆ ಈ ಲೆಕ್ಕ ತಪ್ಪುವುದಿಲ್ಲ.

ಪ್ರಾಧಿಕಾರ ಹುಟ್ಟಿದ್ದೇ ಇಂಥದ್ದಕ್ಕೆ. 2019ರ ಕಾಯ್ದೆಯ ದೊಡ್ಡ ಹೊಸತನ ಅದು. ಯಾರೂ ಕೇಸು ಹಾಕದಿದ್ದರೂ ತಾನಾಗಿ ತನಿಖೆ ಮಾಡಬಹುದು, ಮಾಲು ವಾಪಸ್ ಕರೆಸಬಹುದು, ಹಣ ಹಿಂತಿರುಗಿಸಲು ಹೇಳಬಹುದು, ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಕೆಲಸ ಮಾಡಿಲ್ಲ ಅನ್ನಲಾರೆ. ಹೋಟೆಲಿನ ಸರ್ವಿಸ್ ಚಾರ್ಜ್ ಕಡ್ಡಾಯ ಮಾಡಬಾರದು ಅಂತ 2022ರ ಜುಲೈನಲ್ಲಿ ಹೇಳಿದ್ದು ಇವರೇ. ಹೋಟೆಲ್ ಸಂಘಗಳು ಕೋರ್ಟಿಗೆ ಹೋದವು, ತಡೆ ಬಂತು, ಕೊನೆಗೆ 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಪ್ರಾಧಿಕಾರದ ಪರವೇ ತೀರ್ಪು ಕೊಟ್ಟಿತು. ನೋಡಿ, ಒಂದು ಮಾರ್ಗಸೂಚಿ ನಿಲ್ಲಲು ಎರಡೂವರೆ ವರ್ಷಕ್ಕೂ ಜಾಸ್ತಿ.

ದಂಡದ ವಿಷಯಕ್ಕೆ ಬಂದರೆ ಕುಕ್ಕರ್ ಪ್ರಕರಣ ನೆನಪಾಗುತ್ತದೆ. 2022ರ ಆಗಸ್ಟ್‌ನಲ್ಲಿ, ಐಎಸ್‌ಐ ಗುಣಮಟ್ಟ ಇಲ್ಲದ ಪ್ರೆಶರ್ ಕುಕ್ಕರ್ ಮಾರಲು ಬಿಟ್ಟಿದ್ದಕ್ಕೆ ಪ್ರಾಧಿಕಾರ ಅಮೆಜಾನ್‌ಗೆ ಆದೇಶ ಮಾಡಿತು. 2,265 ಕುಕ್ಕರ್ ವಾಪಸ್ ತಗೊಂಡು ಕೊಂಡವರಿಗೆ ಹಣ ಕೊಡಿ ಅಂತ. ಅದು ಸರಿಯಾದ ಆದೇಶ. ಜೊತೆಗೆ 1 ಲಕ್ಷ ದಂಡ. ಆ ಕುಕ್ಕರ್‌ಗಳ ಮಾರಾಟದಿಂದ ಕಂಪನಿಗೆ ಸಿಕ್ಕ ಕಮಿಷನ್ 6 ಲಕ್ಷಕ್ಕೂ ಜಾಸ್ತಿ ಅನ್ನುವುದು ಅದೇ ಆದೇಶದಲ್ಲೇ ಇತ್ತು. ಕಂಪನಿ ಹೈಕೋರ್ಟ್ ಮೆಟ್ಟಿಲು ಹತ್ತಿತು. ಸಿಡಿದರೆ ಮುಖವೇ ಸುಡುವ ವಸ್ತುವಿಗೆ, ಗಳಿಸಿದ ಕಮಿಷನ್ನಿನ ಆರನೇ ಒಂದು ಭಾಗ ದಂಡ. ನಮ್ಮದೇ ಸ್ಪರ್ಧಾ ಕಾಯ್ದೆಯಲ್ಲಿ ಕಂಪನಿಯ ವಹಿವಾಟಿನ ಶೇಕಡಾ 10ರವರೆಗೆ ದಂಡ ಹಾಕಬಹುದು. ಬ್ರಿಟನ್ನಿನಲ್ಲಿ 2025ರ ಏಪ್ರಿಲ್‌ನಿಂದ ಗ್ರಾಹಕರಿಗೆ ಮೋಸ ಮಾಡಿದ ಕಂಪನಿಗೂ ಜಾಗತಿಕ ವಹಿವಾಟಿನ ಶೇಕಡಾ 10ರವರೆಗೆ ನೇರವಾಗಿ ದಂಡ ಹಾಕುವ ಅಧಿಕಾರ ಅಲ್ಲಿನ ನಿಯಂತ್ರಕರಿಗೆ ಬಂದಿದೆ. ಇಂತಿಷ್ಟು ಲಕ್ಷ ಅಂತ ಕಾಯ್ದೆಯಲ್ಲಿ ಬರೆದಿಟ್ಟರೆ ಸಣ್ಣ ಕಂಪನಿಗೆ ಅದು ಏಟು, ದೊಡ್ಡದಕ್ಕೆ ಕಾಫಿ ಖರ್ಚು.

ಸಹಾಯವಾಣಿಗೂ ಪ್ರಾಧಿಕಾರಕ್ಕೂ ಮಧ್ಯೆ ಒಂದು ಗಟ್ಟಿ ಕೊಂಡಿ ಬೇಕು. ಒಂದೇ ಆ್ಯಪಿನ ಮೇಲೆ ಒಂದೇ ಥರದ ಇಷ್ಟು ದೂರು ಬಂದವು ಅಂದರೆ ತನಿಖೆ ತಾನಾಗಿ ಶುರುವಾಗಲೇಬೇಕು, ಯಾರ ಮರ್ಜಿಗೂ ಕಾಯಬಾರದು. ಹಣ ವಾಪಸ್ ಮಾಡಿ ಅಂದರೆ ದೂರು ಕೊಟ್ಟವರಿಗಷ್ಟೇ ಅಲ್ಲ, ಆ ರೀತಿ ಕಡಿತವಾದ ಎಲ್ಲ ಖಾತೆಗೂ. ಖಾತೆಗಳ ಪಟ್ಟಿ ಕಂಪನಿಯ ಹತ್ತಿರವೇ ಇರುತ್ತದಲ್ಲ. ಇನ್ನೊಂದು, ಯಾವ ಕಂಪನಿಯ ಮೇಲೆ ಎಷ್ಟು ದೂರು ಅನ್ನುವುದನ್ನು ಪ್ರತಿ ತಿಂಗಳು ಪ್ರಕಟಿಸಲಿ. ವಿಮಾನದವರ ವಿಷಯದಲ್ಲಿ ಅವರನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಡಿಜಿಸಿಎ ಇದನ್ನು ಮಾಡುತ್ತದೆ, 10,000 ಪ್ರಯಾಣಿಕರಿಗೆ ಎಷ್ಟು ದೂರು ಅಂತ ಕಂಪನಿವಾರು. ವಿಮಾನದಲ್ಲಿ ಹೋಗುವವರಿಗೆ ಸಿಗುವ ಮಾಹಿತಿ ಮಿಕ್ಸಿ ಕೊಳ್ಳುವವರಿಗೆ ಯಾಕಿಲ್ಲ?

ಕರಾರುಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಯಾಕೆಂದರೆ ಇದು ಬಹಳ ಜನರಿಗೆ ಗೊತ್ತಿಲ್ಲ. ಏಕಪಕ್ಷೀಯ ಕರಾರನ್ನು ಪ್ರಶ್ನಿಸುವ ಹಕ್ಕು 2019ರ ಕಾಯ್ದೆಯಲ್ಲಿದೆ. 2019ರಲ್ಲೇ ಸುಪ್ರೀಂ ಕೋರ್ಟ್ ಒಂದು ಬಿಲ್ಡರ್ ಪ್ರಕರಣದಲ್ಲಿ, ಕೊಳ್ಳುವವರು ತಡ ಮಾಡಿದರೆ ಶೇಕಡಾ 18 ಬಡ್ಡಿ, ತಾನು ಕೊಡಬೇಕಾದಾಗ 9 ಅಂತ ಬರೆದುಕೊಂಡಿದ್ದ ಕರಾರಿಗೆ ಛೀಮಾರಿ ಹಾಕಿತು. ಆದರೆ ಅಂಥ ಕರಾರನ್ನು ಅನೂರ್ಜಿತ ಅಂತ ಹೇಳುವ ಅಧಿಕಾರ ಜಿಲ್ಲಾ ಆಯೋಗಕ್ಕೆ ಇಲ್ಲ, ರಾಜ್ಯ ಮತ್ತು ರಾಷ್ಟ್ರೀಯ ಆಯೋಗಕ್ಕೆ ಮಾತ್ರ. ಅಂದರೆ ಜಿಮ್ ಸದಸ್ಯತ್ವದ ಕರಾರಿನ ಒಂದು ಸಾಲು ಅನ್ಯಾಯ ಅಂತ ಹೇಳಿಸಲು ಸಕಲೇಶಪುರದವರು ಬೆಂಗಳೂರಿಗೆ ಹೋಗಬೇಕು. ಒಂದು ಸಾಲಿನ ತಿದ್ದುಪಡಿಯಲ್ಲಿ ಸರಿಯಾಗುವ ವಿಷಯ ಇದು, ಆರು ವರ್ಷದಿಂದ ಹಾಗೇ ಇದೆ.

ಮೇಲ್ಮನವಿಯದೂ ಹಾಗೇ. ಕಂಪನಿ ಜಿಲ್ಲಾ ಆಯೋಗದ ಆದೇಶದ ಮೇಲೆ ರಾಜ್ಯ ಆಯೋಗಕ್ಕೆ ಹೋಗಬೇಕಾದರೆ ಅರ್ಧ ಹಣ ಠೇವಣಿ ಇಡಬೇಕು. ಒಳ್ಳೆಯ ನಿಯಮ. ಆದರೆ ಆ ಹಣ ಮೇಲ್ಮನವಿ ಮುಗಿಯುವವರೆಗೆ ಅಲ್ಲೇ ಕೂತಿರುತ್ತದೆ. ಒಂದು ಬಾಂಡ್ ಬರೆಸಿಕೊಂಡು ಅದನ್ನು ಗೆದ್ದವರ ಕೈಗೆ ಕೊಡುವುದೇ ನಿಯಮ ಅಂತಾದರೆ, ಸುಮ್ಮನೆ ಎಳೆಯಲಿಕ್ಕೆಂದೇ ಹಾಕುವ ಮೇಲ್ಮನವಿಗಳು ತಾವಾಗಿ ಕಡಿಮೆಯಾಗುತ್ತವೆ.

ಇವನ್ನೆಲ್ಲ ಯಾರಿಗೆ ಹೇಳುವುದು? ಗ್ರಾಹಕ ವ್ಯವಹಾರಗಳ ಇಲಾಖೆ ಆಗಾಗ ಕರಡು ಪ್ರಕಟಿಸಿ ಅಭಿಪ್ರಾಯ ಕೇಳುತ್ತದೆ. 2021ರ ಜೂನ್‌ನಲ್ಲಿ ಇ-ಕಾಮರ್ಸ್ ನಿಯಮಗಳ ತಿದ್ದುಪಡಿ ಕರಡು ಬಂದಾಗ ಮೊದಲು ಕೊಟ್ಟಿದ್ದು ಸುಮಾರು ಎರಡು ವಾರ, ಆಮೇಲೆ ಸ್ವಲ್ಪ ವಿಸ್ತರಿಸಿದರು. ಅಷ್ಟರಲ್ಲಿ ಪುಟಗಟ್ಟಲೆ ಬರೆದು ಕಳಿಸಲು ಆಗುವುದು ಕಂಪನಿಗಳ ಕಾನೂನು ವಿಭಾಗಕ್ಕೆ. ಹೊಲಿಗೆ ಅಕ್ಕನಿಗೆ ಕರಡು ಬಂದಿದೆ ಅನ್ನುವುದೇ ಗೊತ್ತಾಗುವುದಿಲ್ಲ. ಮುಂದಿನ ಸಲ ಕರಡು ಬಂದಾಗ ಅದರ ಸಾರಾಂಶವನ್ನು ಕನ್ನಡದಲ್ಲಿ ಬರೆದು ಅಂಗಡಿ ಮುಂದೆ ಅಂಟಿಸೋಣ ಅಂತಿದ್ದೇನೆ. ಓದಿ ಅಭಿಪ್ರಾಯ ಹೇಳುವವರಿಗೆ ನಾನೇ ಟೈಪ್ ಮಾಡಿ ಇಮೇಲ್ ಕಳಿಸಿಕೊಡುತ್ತೇನೆ, ಚಾರ್ಜ್ ಇಲ್ಲ. ನಿಮ್ಮ ಹತ್ತಿರ ಒಂದು ಕಾಪಿ ಇರಲಿ ಅಂದರೆ ಮಾತ್ರ ಪ್ರಿಂಟಿಗೆ ಪೇಜಿಗೆ 5 ರೂಪಾಯಿ. ಬಿಲ್ ಕೊಡುತ್ತೇನೆ.